ಸೋರಿದರೆ ಸುರಿ ಎಂಬ ಅಪಸಿದ್ಧಾಂತ

ನಮ್ಮ ನಾಡಿನಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಸರಪಳಿ ಟ್ರ್ಯಾಕ್ಟರುಗಳ, ಎಂದರೆ ಆಪರೇಟರುಗಳು ಚೈನ್ ಡೋಜರ್ ಎಂದು ಕರೆಯುವ ಯಂತ್ರಗಳ ವಿಷಯದಲ್ಲಿ, ಒಂದು ಅಭಿಪ್ರಾಯವು ಬಹುಕಾಲದಿಂದ ಯಾರ ಪ್ರಶ್ನೆಗೂ ಒಳಗಾಗದೆ ಬೇರೂರಿಕೊಂಡಿದೆ. ಹಳೆಯ ಕಬ್ಬಿಣ ಗಟ್ಟಿ. ಅದು ಏನನ್ನಾದರೂ ತಾಳಿಕೊಳ್ಳುತ್ತದೆ. ಹೈಡ್ರಾಲಿಕ್ ಎಣ್ಣೆ ಸೋರುವುದು ವಯಸ್ಸಾದ ಯಂತ್ರದ ಸಹಜಧರ್ಮ. ಸೋರಿದಷ್ಟನ್ನು ಮೇಲಿನಿಂದ ಸುರಿಯುತ್ತಿದ್ದರೆ ಕೆಲಸ ನಡೆದುಹೋಗುತ್ತದೆ. ಅದಕ್ಕೆ ಮೀರಿದ ಶುಶ್ರೂಷೆಯೆಲ್ಲವೂ ಪುಸ್ತಕ ಓದಿದವರ ಆಡಂಬರ ಎಂಬುದೇ ಆ ಅಭಿಪ್ರಾಯ. ಗ್ಯಾರೇಜಿನ ಮೇಸ್ತ್ರಿಯು ಇದನ್ನು ಮಾಲೀಕನಿಗೆ ಹೇಳುತ್ತಾನೆ. ಮಾಲೀಕನು ಆಪರೇಟರಿಗೆ ಹೇಳುತ್ತಾನೆ. ಆಪರೇಟರು ತನ್ನ ಕೈಕೆಳಗಿನ ಹೆಲ್ಪರ್ ಹುಡುಗನಿಗೆ ಹೇಳಿಕೊಡುತ್ತಾನೆ. ಹುಡುಗನು ಬೆಳೆದು ತಾನೇ ಮೇಸ್ತ್ರಿಯಾದಾಗ ಅದು ಅನುಭವದ ಮಾತೆಂಬ ಗೌರವವನ್ನು ಪಡೆದುಬಿಟ್ಟಿರುತ್ತದೆ. ಯಂತ್ರಗಳನ್ನು ಅಕಾಲದಲ್ಲಿ ಗುಜರಿಗೆ ಕಳುಹಿಸಿರುವ, ನೆಲವನ್ನು ಕೆಡಿಸಿರುವ, ಮನುಷ್ಯರ ಕೈಗಳನ್ನು ಊನಗೊಳಿಸಬಲ್ಲ ಈ ಅಭಿಪ್ರಾಯವನ್ನು ಬುಡಸಮೇತ ಕಿತ್ತೊಗೆಯಬೇಕೆಂಬುದೇ ಈ ಲೇಖನದ ಉದ್ದೇಶ.

ಈ ಯಂತ್ರಗಳು ನಮಗೆ ಸುಲಭವಾಗಿ ಬಂದವುಗಳಲ್ಲ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಪಟ್ಟಣದ ಬೆಂಜಮಿನ್ ಹೋಲ್ಟನು 1904ರಲ್ಲಿ, ಚಕ್ರಗಳು ಹೂತುಹೋಗುತ್ತಿದ್ದ ಅಲ್ಲಿನ ನದೀಮುಖದ ಮೃದುಭೂಮಿಯಲ್ಲಿ ಸರಪಳಿಯ ಮೇಲೆ ನಡೆಯುವ ಯಂತ್ರವನ್ನು ಪರೀಕ್ಷಿಸಿದನು. ಅವನ ಸಂಸ್ಥೆಯೂ ಬೆಸ್ಟ್ ಎಂಬ ಪ್ರತಿಸ್ಪರ್ಧಿ ಸಂಸ್ಥೆಯೂ ಕೂಡಿ 1925ರಲ್ಲಿ ಕ್ಯಾಟರ್‌ಪಿಲರ್ ಕಂಪನಿಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಮಿನ ಲೆಡೋದಿಂದ ಬರ್ಮಾದ ಕಾಡುಗಳೊಳಗೆ ರಸ್ತೆಯನ್ನು ಕಡಿದವು ಇಂಥವೇ ಯಂತ್ರಗಳು. ಸ್ವಾತಂತ್ರ್ಯ ಬಂದು ಎರಡೇ ವರ್ಷಗಳಾಗಿದ್ದಾಗ, 1949ರಲ್ಲಿ, ಮಧ್ಯಭಾರತದ ಕಾಂಸ್ ಹುಲ್ಲಿನ ಜಡ್ಡುಭೂಮಿಯನ್ನು ಉತ್ತು ಸಾಗುವಳಿಗೆ ತರುವ ಯಂತ್ರಗಳಿಗಾಗಿ ನಮ್ಮ ದೇಶವು ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರುಗಳ ಸಾಲವನ್ನು ಎತ್ತಿತು. ಅನ್ನಕ್ಕಾಗಿ ಪರರ ಮುಂದೆ ಕೈಯೊಡ್ಡುತ್ತಿದ್ದ ರಾಷ್ಟ್ರವೊಂದು ಸಾಲ ಮಾಡಿ ತಂದುಕೊಂಡ ಕಬ್ಬಿಣವದು. ಮುಂದೆ 1964ರಲ್ಲಿ ಬೆಂಗಳೂರಿನಲ್ಲಿ ಬಿ.ಇ.ಎಂ.ಎಲ್. ಸ್ಥಾಪಿತವಾಗಿ, ಜಪಾನಿನ ಕೊಮಾಟ್ಸು ಸಂಸ್ಥೆಯ ಸಹಯೋಗದಿಂದ ನಮ್ಮವೇ ಆದ ಡೋಜರುಗಳು ಕೋಲಾರದ ಚಿನ್ನದ ಗಣಿಯ ಊರಿನ ಕಾರ್ಖಾನೆಯಿಂದ ಹೊರಬರತೊಡಗಿದವು. ಇಷ್ಟು ಕಷ್ಟದಿಂದ ಸಂಪಾದಿಸಿದ ಯಂತ್ರಸಂಪತ್ತನ್ನು ಒಂದು ಆಯಿಲ್ ಸೀಲಿನ ಬೆಲೆಗೆ ಹಿಂದೆಗೆದು ಕೊಲ್ಲುವುದು ಯಾವ ವಿವೇಕ?

ಈಗ ಅಪಸಿದ್ಧಾಂತದ ಮೊದಲ ಆಧಾರವನ್ನೇ ಪರೀಕ್ಷಿಸೋಣ. ಹಳೆಯ ಯಂತ್ರ ಗಟ್ಟಿ ಎಂಬುದು ಅದರ ಚೌಕಟ್ಟಿಗೆ, ಸರಪಳಿಗೆ, ರೋಲರುಗಳಿಗೆ, ಬ್ಲೇಡಿನ ದಪ್ಪ ತಗಡಿಗೆ ಸಲ್ಲುವ ಮಾತು. ಅಲ್ಲಿ ಅಳತೆಯೆಲ್ಲವೂ ಅಂಗುಲಗಳಲ್ಲಿ. ಒಂದು ಪಿನ್ನು ಕಾಲಂಗುಲ ಸವೆದರೂ ಯಂತ್ರ ಸದ್ದುಮಾಡುತ್ತ ನಡೆಯುತ್ತಲೇ ಇರುತ್ತದೆ. ಆದರೆ ಅದೇ ಯಂತ್ರದ ಹೊಟ್ಟೆಯಲ್ಲಿ ಬೇರೊಂದು ಲೋಕವಿದೆ. ಹೈಡ್ರಾಲಿಕ್ ಪಂಪಿನ ಹಲ್ಲುಚಕ್ರಗಳಿಗೂ ಅದರ ಕವಚಕ್ಕೂ ನಡುವಣ ತೆರಪು, ಕಂಟ್ರೋಲ್ ವಾಲ್ವಿನ ಸ್ಪೂಲಿಗೂ ಅದು ಜಾರುವ ರಂಧ್ರಕ್ಕೂ ನಡುವಣ ತೆರಪು, ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರಾನಿನಿಂದ ಎಣಿಸತಕ್ಕಂಥವು. ಕೆಲವೆಡೆ ಐದಾರು ಮೈಕ್ರಾನು, ಕೆಲವೆಡೆ ಇಪ್ಪತ್ತು ಇಪ್ಪತ್ತೈದು. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನು ದಪ್ಪ; ಬರಿಗಣ್ಣು 40 ಮೈಕ್ರಾನಿಗಿಂತ ಚಿಕ್ಕ ಕಣವನ್ನು ಕಾಣಲಾರದು. ಎಂದರೆ, ಪಂಪನ್ನು ತೇಯ್ದು ಹಾಳುಮಾಡುವ ಮರಳಿನ ಕಣವನ್ನು ಹೆಚ್ಚಿನ ಪಾಲಿಗೆ ಯಾವ ಮೇಸ್ತ್ರಿಯ ಕಣ್ಣೂ ನೋಡಲಾರದು, ಯಾವ ಬೆರಳೂ ಮುಟ್ಟಿ ತಿಳಿಯಲಾರದು. ಹೀಗಿರುವಾಗ ಸರಪಳಿಯ ಗಟ್ಟಿತನವನ್ನು ತೋರಿಸಿ ಪಂಪಿನ ಗಟ್ಟಿತನವನ್ನು ಸಾಧಿಸಲು ಹೊರಡುವವರಿಗೆ ಏನೆಂದು ಉತ್ತರ ಹೇಳೋಣ? ಒಂದೇ ಬಣ್ಣ ಬಳಿದಿದ್ದಾರೆಂಬ ಕಾರಣದಿಂದ ಎರಡೂ ಒಂದೇ ಜಾತಿಯವಾದಾವೆ?

ಈ ಸೂಕ್ಷ್ಮ ಲೋಕವು ಯಂತ್ರಕ್ಕೆ ಕೊಟ್ಟಿರುವ ಶಕ್ತಿಯಾದರೂ ಎಂಥದೆಂಬುದನ್ನು ಮರೆಯಲಾಗದು. ಅಮೆರಿಕದ ಯಂತ್ರನಿರ್ಮಾಪಕ ಲೆಟೂರ್ನೋ ಮೊದಲಾದವರ ಕಾಲದಲ್ಲಿ ಡೋಜರಿನ ಬ್ಲೇಡನ್ನು ಎತ್ತುತ್ತಿದ್ದುದು ಉಕ್ಕಿನ ಹಗ್ಗ. ಹಗ್ಗವು ಎಳೆಯಬಲ್ಲದು, ತಳ್ಳಲಾರದು. ಆದುದರಿಂದ ಅಂದಿನ ಬ್ಲೇಡು ತನ್ನ ತೂಕದಿಂದಲೇ ನೆಲಕ್ಕೆ ಇಳಿಯಬೇಕಾಗಿತ್ತು, ಗಟ್ಟಿನೆಲ ಸಿಕ್ಕಾಗ ಮೇಲೆ ಮೇಲೆ ಜಾರಿಹೋಗುತ್ತಿತ್ತು. ಹೈಡ್ರಾಲಿಕ್ ಜಾಕು ಬಂದ ಮೇಲೆ ಬ್ಲೇಡನ್ನು ನೆಲದೊಳಕ್ಕೆ ಒತ್ತುವ ಸಾಮರ್ಥ್ಯ ಆಪರೇಟರಿನ ಕೈಗೆ ಬಂದಿತು. ನಾಲ್ಕು ಅಂಗುಲ ವ್ಯಾಸದ ಜಾಕಿನಲ್ಲಿ ಪಿಸ್ಟನಿನ ಮುಖ ಹನ್ನೆರಡೂವರೆ ಚದರಂಗುಲ; ಚದರಂಗುಲಕ್ಕೆ 1000 ಪೌಂಡು ಒತ್ತಡದ ಎಣ್ಣೆ ಅದರ ಹಿಂದೆ ನಿಂತರೆ ಹನ್ನೆರಡೂವರೆ ಸಾವಿರ ಪೌಂಡು, ಎಂದರೆ ಐದೂವರೆ ಟನ್ನಿಗೂ ಮೀರಿದ ಬಲ. ಪಂಪು ಸವೆದು, ಪಿಸ್ಟನಿನ ಪ್ಯಾಕಿಂಗು ಹರಿದು, ಎಣ್ಣೆ ಒಳಗೊಳಗೇ ಒಂದು ಬದಿಯಿಂದ ಇನ್ನೊಂದು ಬದಿಗೆ ನುಸುಳತೊಡಗಿದಾಗ ಈ ಬಲವೇ ಕರಗಿಹೋಗುತ್ತದೆ. ಆಪರೇಟರು ಒಂದೇ ಸಾರಿಗೆ ಕೆತ್ತಬೇಕಾದ ಏರನ್ನು ಮೂರು ಸಾರಿ ಕೆತ್ತುತ್ತಾನೆ. ಡೀಸೆಲ್ ಉರಿಯುತ್ತದೆ, ಸರಪಳಿ ಸವೆಯುತ್ತದೆ, ಬಾಡಿಗೆ ಕೊಟ್ಟ ರೈತನು ಗಂಟೆಗಳ ಲೆಕ್ಕದಲ್ಲಿ ನಷ್ಟ ಅನುಭವಿಸುತ್ತಾನೆ. ಈ ನಷ್ಟವನ್ನು ಯಾರೂ ಹೈಡ್ರಾಲಿಕ್ಕಿನ ಖಾತೆಗೆ ಬರೆಯುವುದಿಲ್ಲ; ಯಂತ್ರಕ್ಕೆ ವಯಸ್ಸಾಯಿತೆಂದು ಹೇಳಿ ಸುಮ್ಮನಾಗುತ್ತಾರೆ.

ವಯಸ್ಸಿನ ಈ ಮಾತೇ ಎರಡನೆಯ ಅಸತ್ಯ. ಸೋರುವುದು ಮುಪ್ಪಿನ ಲಕ್ಷಣವೆಂದು ತಿಳಿದವರು ಈ ವಿದ್ಯೆಯ ಚರಿತ್ರೆಯನ್ನಾದರೂ ಒಮ್ಮೆ ನೋಡಲಿ. ದ್ರವಕ್ಕೆ ಕೊಟ್ಟ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂಬ ತತ್ತ್ವವನ್ನು ಪ್ಯಾಸ್ಕಲನು ಹದಿನೇಳನೆಯ ಶತಮಾನದಲ್ಲಿಯೇ ಹೇಳಿದ್ದನು. ಆದರೆ ಆ ತತ್ತ್ವದಿಂದ ಕೆಲಸ ಮಾಡುವ ಯಂತ್ರವೊಂದು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. 1795ರಲ್ಲಿ ಲಂಡನ್ನಿನ ಜೋಸೆಫ್ ಬ್ರಾಮನು ತನ್ನ ಒತ್ತುಯಂತ್ರಕ್ಕೆ ಪೇಟೆಂಟು ಪಡೆದನು. ಆಗಲೂ ಎದುರಾದ ವಿಘ್ನ ಒಂದೇ: ಚಲಿಸುವ ಕೊರಡಿನ ಸುತ್ತ ನೀರು ಸೋರದಂತೆ ತಡೆಯುವುದು ಹೇಗೆ? ಬಿಗಿಯಾಗಿ ಕಟ್ಟಿದರೆ ಕೊರಡು ಚಲಿಸದು, ಸಡಿಲ ಬಿಟ್ಟರೆ ನೀರು ನಿಲ್ಲದು. ಆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆನ್ರಿ ಮಾಡ್ಸ್‌ಲಿಯು, ಒತ್ತಡ ಹೆಚ್ಚಿದಷ್ಟೂ ತಾನಾಗಿ ಬಿಗಿಯುವ, ಒತ್ತಡ ಇಳಿದೊಡನೆ ತಾನಾಗಿ ಸಡಿಲಗೊಳ್ಳುವ ಬಟ್ಟಲಿನಾಕಾರದ ಚರ್ಮದ ಪಟ್ಟಿಯನ್ನು ರೂಪಿಸಿ ಆ ವಿಘ್ನವನ್ನು ಪರಿಹರಿಸಿದನೆಂದು ಯಂತ್ರವಿದ್ಯೆಯ ಇತಿಹಾಸವು ಕೊಂಡಾಡುತ್ತದೆ. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆಹೋದ ಕ್ರಿಸ್ಟೆನ್‌ಸೆನ್ ಎಂಬಾತನು ಇಂದು ಪ್ರತಿ ಗ್ಯಾರೇಜಿನಲ್ಲಿಯೂ ಡಬ್ಬಿತುಂಬ ಬಿದ್ದಿರುವ ಓ-ರಿಂಗಿಗೆ 1939ರಲ್ಲಿ ಪೇಟೆಂಟು ಪಡೆದನು. ಸೋರದಿರುವುದೇ ಈ ವಿದ್ಯೆಯ ಪ್ರಾಣವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಯಾವ ದೋಷವನ್ನು ಗೆದ್ದ ಮೇಲೆಯೇ ಯಂತ್ರ ಯಂತ್ರವೆನಿಸಿತೋ ಆ ದೋಷವನ್ನೇ ಅದರ ಸಹಜಧರ್ಮವೆಂದು ಸಾರುವುದು ಅಜ್ಞಾನದ ಪರಾಕಾಷ್ಠೆ. ಸೀಲು ಗಟ್ಟಿಯಾಗುವುದು, ಬಿರಿಯುವುದು ಕಾಲಧರ್ಮವೇನೋ ನಿಜ. ಬಿರಿದ ಸೀಲನ್ನು ಬದಲಿಸದಿರುವುದು ಮಾತ್ರ ಮನುಷ್ಯನ ಧರ್ಮಲೋಪ.

ಸೋರಿಕೆಯ ಲೆಕ್ಕವನ್ನಾದರೂ ಇವರು ಮಾಡಿದ್ದಾರೆಯೆ? ಸುಮಾರು ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಆಗುತ್ತದೆ. ಸೆಕೆಂಡಿಗೆ ಒಂದೇ ಹನಿ ಬೀಳುವ ಸೋರಿಕೆ, ಎಂಟು ಗಂಟೆಗಳ ದುಡಿಮೆಯ ದಿನದಲ್ಲಿ, ಒಂದೂವರೆ ಲೀಟರಿನಷ್ಟು ಎಣ್ಣೆಯನ್ನು ನೆಲಕ್ಕೆ ಕುಡಿಸುತ್ತದೆ. ತಿಂಗಳಿಗೆ ಇಪ್ಪತ್ತೈದು ದಿನ ಯಂತ್ರ ದುಡಿದರೆ ಮೂವತ್ತಾರು ಲೀಟರು. ಕೆರೆಯ ಏರಿಯಲ್ಲಿ ಬಿಲ ಬಿದ್ದಾಗ ಬಿಲವನ್ನು ಮುಚ್ಚದೆ ಕೊಡಗಟ್ಟಲೆ ನೀರು ಹೊತ್ತು ತಂದು ಕೆರೆಗೆ ಹೊಯ್ಯುವ ನೀರುಗಂಟಿಯನ್ನು ಯಾವ ಊರು ಇಟ್ಟುಕೊಂಡೀತು? ನೆಲಕ್ಕಿಳಿದ ಆ ಎಣ್ಣೆಯಾದರೂ ಎಲ್ಲಿಗೆ ಹೋಗುತ್ತದೆ? ಉಪಯೋಗಿಸಿದ ಎಣ್ಣೆಯನ್ನು ನಮ್ಮ ದೇಶದ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿವೆ. ನಾವು ಅದನ್ನು ಭತ್ತದ ಗದ್ದೆಯ ಮಡಿಯಲ್ಲಿ, ತೋಟದ ಬಾವಿಯ ಪಕ್ಕದಲ್ಲಿ, ಮಳೆ ಬಂದೊಡನೆ ಹಳ್ಳಕ್ಕೆ ಹರಿಯುವ ಇಳಿಜಾರಿನಲ್ಲಿ ಚೆಲ್ಲಿಕೊಂಡು ನಡೆಯುತ್ತೇವೆ. ನೆಲವನ್ನು ಹದಗೊಳಿಸಲೆಂದು ಬಂದ ಯಂತ್ರವು ನೆಲಕ್ಕೆ ವಿಷವನ್ನು ಇಕ್ಕಿ ಹೋಗುವುದನ್ನು ರೈತನು ಏಕೆ ಸಹಿಸಬೇಕು?

ಹೊರಗೆ ಹೋಗುವುದಕ್ಕಿಂತ ಒಳಗೆ ಬರುವುದು ಇನ್ನೂ ಘೋರವಾದದ್ದು. ಎಣ್ಣೆ ಹೊರಬರುವಷ್ಟು ದಾರಿ ಎಲ್ಲಿದೆಯೋ ಅಲ್ಲಿ ಧೂಳು ಒಳಹೋಗಲು ದಾರಿಯಿದೆ. ಜಾಕಿನ ರಾಡಿನ ಮೇಲೆ ಎಣ್ಣೆಯ ಪಸೆ ನಿಂತಿದ್ದರೆ ಹೊಲದ ಧೂಳೆಲ್ಲ ಅದಕ್ಕೆ ಅಂಟುತ್ತದೆ. ರಾಡು ಒಳಸರಿಯುವಾಗ ಧೂಳನ್ನು ಒರೆಸಬೇಕಾದ ವೈಪರ್ ಸೀಲು ಹರಿದಿರುವುದರಿಂದ ಆ ಧೂಳು ಎಣ್ಣೆಯೊಳಕ್ಕೆ ಸೇರುತ್ತದೆ. ಸೇರಿದ ಧೂಳು ರಾಡಿನ ಹೊಳಪಾದ ಕ್ರೋಮ್ ಲೇಪವನ್ನು ಗೀರುತ್ತದೆ. ಗೀರು ಬಿದ್ದ ರಾಡು ಹೊಸ ಸೀಲನ್ನೂ ಕೆಲವೇ ದಿನಗಳಲ್ಲಿ ಹರಿಯುತ್ತದೆ. ಮೇಸ್ತ್ರಿಯು ಆಗ, ಹೊಸ ಸೀಲು ಹಾಕಿಯೂ ನಿಲ್ಲಲಿಲ್ಲ ನೋಡಿ, ಹಳೆಯ ಯಂತ್ರದ ಹಣೆಬರಹವೇ ಇಷ್ಟು ಎನ್ನುತ್ತಾನೆ. ರಾಡನ್ನು ಬೆರಳುಗುರಿನಿಂದ ಗೀಚಿ ನೋಡಿದ್ದರೆ ನಿಜ ತಿಳಿಯುತ್ತಿತ್ತು, ನೋಡಿದವರಾರು? ಮಳೆಗಾಲದಲ್ಲಿ ಯಂತ್ರವನ್ನು ತಿಂಗಳುಗಟ್ಟಲೆ ಬಯಲಿನಲ್ಲಿ ನಿಲ್ಲಿಸುವಾಗ, ಹೊರಚಾಚಿಕೊಂಡ ರಾಡಿಗೆ ಒಂದು ಹಿಡಿ ಗ್ರೀಸು ಸವರಿದ್ದರೆ ಕ್ರೋಮಿನ ಕೆಳಗೆ ತುಕ್ಕು ಹಿಡಿಯದೆ ಉಳಿಯುತ್ತಿತ್ತು, ಸವರಿದವರಾರು? ಇದಲ್ಲದೆ ಕಣ್ಣಿಗೆ ಕಾಣಿಸದ ಇನ್ನೊಂದು ಸೋರಿಕೆಯುಂಟು. ಟ್ಯಾಂಕಿನಿಂದ ಪಂಪಿಗೆ ಹೋಗುವ ಹೀರುಕೊಳವೆಯ ಜೋಡಣೆ ಸಡಿಲವಾದರೆ ಅಲ್ಲಿ ಎಣ್ಣೆ ತೊಟ್ಟಿಕ್ಕುವುದಿಲ್ಲ. ಗಾಳಿ ಒಳಕ್ಕೆ ಹೀರಲ್ಪಡುತ್ತದೆ. ಎಣ್ಣೆ ನೊರೆಗಟ್ಟುತ್ತದೆ, ಬ್ಲೇಡು ಕುಕ್ಕುತ್ತ ಮೇಲೇಳುತ್ತದೆ, ಪಂಪು ಕರ್ಕಶವಾಗಿ ಗೋಳಿಡುತ್ತದೆ. ಕೊಳವೆಯೊಳಗಿನ ರಬ್ಬರಿನ ಪದರವೇ ಕಳಚಿ ದಾರಿಗೆ ಅಡ್ಡಬಿದ್ದಾಗಲೂ ಪಂಪಿನ ಗೋಳು ಇದೇ; ಆಗ ಅದಕ್ಕೆ ಎಣ್ಣೆಯೇ ಸಾಲದೆ ಹೀರುಬಾಯಿಯಲ್ಲಿ ಆವಿಯ ಗುಳ್ಳೆಗಳು ಹುಟ್ಟಿ, ಒಡೆದು, ಲೋಹವನ್ನೇ ಕೊರೆಯುತ್ತವೆ. ಆ ಕೂಗನ್ನು ಕೇಳಿಯೂ ಟ್ಯಾಂಕಿಗೆ ಎರಡು ಲೀಟರು ಸುರಿದು ಬರುವವನಿಗೆ ಯಂತ್ರವಿದ್ಯೆಯ ಹೆಸರೆತ್ತುವ ಅಧಿಕಾರವೆಲ್ಲಿಯದು?

ಸುರಿಯುವುದಾದರೂ ಏನನ್ನು? ಎಣ್ಣೆಯೆಂದರೆ ಎಣ್ಣೆ, ಯಾವುದಾದರೇನೆಂಬುದು ಈ ಪಂಥದ ಮೂರನೆಯ ಸೂತ್ರ. ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆ, ಗೇರ್ ಪೆಟ್ಟಿಗೆಗೆಂದು ತಂದು ಉಳಿದ 90ರ ಎಣ್ಣೆ, ಹೆಸರಿಲ್ಲದ ಡಬ್ಬಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಎಣ್ಣೆ, ಕೊನೆಗೆ ಬ್ರೇಕಿನ ದ್ರವವನ್ನೂ ಟ್ಯಾಂಕಿಗೆ ಸೇರಿಸುವವರುಂಟು. ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಎಣ್ಣೆಯು ಬಲವನ್ನು ಒಯ್ಯುವ ವಾಹಕ, ಪಂಪಿಗೆ ಜಿಡ್ಡು, ಇಡೀ ವ್ಯವಸ್ಥೆಗೆ ತಂಪು, ಸೂಕ್ಷ್ಮ ತೆರಪುಗಳಿಗೆ ಮುಚ್ಚಳ. ಈ ನಾಲ್ಕು ಕೆಲಸಗಳೂ ಅದರ ಸ್ನಿಗ್ಧತೆಯನ್ನು, ಎಂದರೆ ಹರಿವಿನ ದಪ್ಪ ತೆಳುವನ್ನು ಅವಲಂಬಿಸಿವೆ. ಇಂದು ಡಬ್ಬಿಗಳ ಮೇಲೆ ಕಾಣುವ 32, 46, 68 ಎಂಬ ಅಂಕಿಗಳು 40 ಡಿಗ್ರಿ ಸೆಲ್ಸಿಯಸಿನಲ್ಲಿ ಆ ಎಣ್ಣೆಯ ಸ್ನಿಗ್ಧತೆ ಎಷ್ಟೆಂಬುದನ್ನೇ ಹೇಳುತ್ತವೆ. ರಾಯಚೂರಿನ ಬೇಸಿಗೆಯಲ್ಲಿ ನೆರಳಿನ ಗಾಳಿಯೇ 40 ಡಿಗ್ರಿಯನ್ನು ದಾಟುತ್ತದೆ. ದುಡಿಯುವ ಯಂತ್ರದ ಟ್ಯಾಂಕಿನಲ್ಲಿ ಎಣ್ಣೆ ಇನ್ನೆಷ್ಟು ಕಾದಿರುತ್ತದೆಂಬುದನ್ನೂ, ಅತಿಯಾಗಿ ಕಾದ ಎಣ್ಣೆ ನೀರಿನಂತೆ ತೆಳುವಾಗಿ ತೆರಪುಗಳಲ್ಲಿ ನಿಲ್ಲದೆ ಹೋಗುತ್ತದೆಂಬುದನ್ನೂ ಯೋಚಿಸದೆ ಎಣ್ಣೆಯನ್ನು ಆರಿಸಬಹುದೆ? ಗೇರಿನ ದಪ್ಪ ಎಣ್ಣೆಯು ಚಳಿಗಾಲದ ಬೆಳಗಿನಲ್ಲಿ ಪಂಪಿಗೆ ಹೀರಲಾಗದಷ್ಟು ಮಂದವಾಗುತ್ತದೆ. ಬ್ರೇಕಿನ ಗ್ಲೈಕಾಲ್ ದ್ರವವು ಖನಿಜತೈಲಕ್ಕೆಂದು ಮಾಡಿದ ಸೀಲುಗಳನ್ನು ಹಾಳುಮಾಡುತ್ತದೆ. ಎಂಜಿನ್ ಎಣ್ಣೆಯನ್ನೇ ಹೈಡ್ರಾಲಿಕ್ಕಿಗೆ ಹಾಕಬಹುದೆಂದು ಕ್ಯಾಟರ್‌ಪಿಲರ್‌ನಂಥ ತಯಾರಕರೇ ಹೇಳಿಲ್ಲವೆ ಎಂದು ಕೆಲವರು ವಾದಿಸುತ್ತಾರೆ. ಹೇಳಿದ್ದುಂಟು. ಅವರು ಹೇಳಿದ್ದು ಇಂಥ ದರ್ಜೆಯ, ಸಾಮಾನ್ಯವಾಗಿ 10ಡಬ್ಲ್ಯೂ ದರ್ಜೆಯ, ಹೊಸ ಎಣ್ಣೆಯನ್ನು. ಎಂಜಿನ್ನಿನ ಮಸಿಯನ್ನೂ ಲೋಹದ ಪುಡಿಯನ್ನೂ ಹೊತ್ತು ಇಳಿದ ಕಪ್ಪು ದ್ರವವನ್ನಲ್ಲ. ತಯಾರಕನ ಪುಸ್ತಕದ ಅರ್ಧ ವಾಕ್ಯವನ್ನು ಸಾಕ್ಷಿಯಾಗಿ ಎಳೆದು ತರುವವರು ಉಳಿದ ಅರ್ಧವನ್ನೇಕೆ ಓದಲಿಲ್ಲ?

ಎಣ್ಣೆ ಸರಿಯಾದದ್ದೇ ಆಗಿರಲಿ. ಅದನ್ನು ತುಂಬುವ ಕ್ರಮವಾದರೂ ನೋಡುವಂತಿದೆಯೆ? ಪೀಪಾಯಿಯನ್ನು ಅಂಗಳದ ಬಿಸಿಲು ಮಳೆಗಳಲ್ಲಿ ನೆಟ್ಟಗೆ ನಿಲ್ಲಿಸಿರುತ್ತಾರೆ. ಹಗಲಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ; ರಾತ್ರಿ ತಣಿದಾಗ, ಮುಚ್ಚಳದ ಸುತ್ತ ನಿಂತ ಮಳೆನೀರನ್ನು ಪೀಪಾಯಿ ಒಳಕ್ಕೆ ಸೆಳೆದುಕೊಳ್ಳುತ್ತದೆ. ಪೀಪಾಯಿಯನ್ನು ಅಡ್ಡಲಾಗಿ, ಎರಡು ಮುಚ್ಚಳಗಳೂ ಒಂದೇ ಮಟ್ಟದಲ್ಲಿ ಎಣ್ಣೆಯಲ್ಲಿ ಮುಳುಗಿರುವಂತೆ ಮಲಗಿಸಿ ಸೂರಿನಡಿ ಇಡುವುದಕ್ಕೆ ಕಾಸಿನ ಖರ್ಚೂ ಇಲ್ಲ. ಅಲ್ಲಿಂದ ಎಣ್ಣೆ ಇಳಿಯುವುದು ನಿನ್ನೆ ಸಿಮೆಂಟು ಹೊತ್ತ ಬಕೆಟ್ಟಿಗೆ. ಬಕೆಟ್ಟನ್ನು ಒರೆಸುವುದು ಬನಿಯನ್ ವೇಸ್ಟಿನಿಂದ, ಅದರ ನೂಲಿನ ಎಳೆಗಳು ಎಣ್ಣೆಯಲ್ಲಿ ತೇಲಿ ವಾಲ್ವಿನ ಸೂಕ್ಷ್ಮರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಟ್ಯಾಂಕಿನ ಬಾಯಿಯ ಮಣ್ಣನ್ನು ಕೊಡಹದೆಯೇ ಮುಚ್ಚಳವನ್ನು ತಿರುಗಿಸುವುದು ಇದಕ್ಕೆ ಕಿರೀಟ. ಜಾಕು ಹೊರಚಾಚಿದಾಗ ಟ್ಯಾಂಕಿನ ಎಣ್ಣೆ ತಗ್ಗಿ, ತಗ್ಗಿದಷ್ಟು ಜಾಗಕ್ಕೆ ಹೊರಗಿನ ಗಾಳಿ ಬರಲೇಬೇಕು; ಆ ಗಾಳಿಯನ್ನು ಸೋಸುವುದಕ್ಕಾಗಿಯೇ ತಯಾರಕನು ಬ್ರೀದರನ್ನು ಇಟ್ಟಿದ್ದಾನೆ. ಅದು ಕಳೆದುಹೋದ ಯಂತ್ರಗಳಲ್ಲಿ ಒಂದು ಬಟ್ಟೆಯ ಗಂಟು ಆ ಸ್ಥಾನವನ್ನು ಅಲಂಕರಿಸಿರುತ್ತದೆ. ಸರಪಳಿಗಳೆರಡೂ ಧೂಳನ್ನೆಬ್ಬಿಸುವ ಮೋಡದ ನಡುವೆ ನಿಂತು ಬ್ಲೇಡಿನ ಪ್ರತಿ ಚಲನೆಗೂ ಒಂದೊಂದು ಉಸಿರು ಧೂಳನ್ನು ಸೇವಿಸುವ ಯಂತ್ರವು ಎಷ್ಟು ಕಾಲ ಬದುಕೀತು?

ನಾಲ್ಕನೆಯ ಅಪರಾಧ ಇನ್ನೂ ಅಪಾಯಕರವಾದದ್ದು. ಬ್ಲೇಡು ನಿಧಾನವಾಗಿ ಏಳುತ್ತಿದೆಯೆಂದೊಡನೆ ರಿಲೀಫ್ ವಾಲ್ವಿನ ಸ್ಕ್ರೂವನ್ನು ಎರಡು ಸುತ್ತು ಬಿಗಿದು, ಅಥವಾ ಅದರ ಸ್ಪ್ರಿಂಗಿನ ಹಿಂದೆ ವಾಷರುಗಳನ್ನು ಪೇರಿಸಿ, ಪ್ರೆಷರ್ ಕೊಟ್ಟೆನೆಂದು ಬೀಗುವುದು ನಮ್ಮ ಗ್ಯಾರೇಜುಗಳಲ್ಲಿ ಜಾಣತನವೆನಿಸಿಕೊಂಡಿದೆ. ಆ ವಾಲ್ವು ಇರುವುದು ಯಂತ್ರದ ಪ್ರಾಣರಕ್ಷಣೆಗೆ; ಮಿತಿ ಮೀರಿದ ಒತ್ತಡವನ್ನು ಟ್ಯಾಂಕಿಗೆ ಮರಳಿಸಿ ಹೋಸುಗಳನ್ನೂ ಜಾಕುಗಳನ್ನೂ ಪಂಪಿನ ಕವಚವನ್ನೂ ಅದು ಕಾಯುತ್ತದೆ. ಬ್ಲೇಡು ನಿಧಾನವಾಗುವುದು ಬಹುಮಟ್ಟಿಗೆ ಪಂಪಿನಿಂದ ಬರುವ ಎಣ್ಣೆಯ ಪ್ರಮಾಣ ತಗ್ಗಿದುದರಿಂದ; ಒತ್ತಡದ ಮಿತಿಯನ್ನು ಏರಿಸಿದರೆ ಪ್ರಮಾಣ ಹೆಚ್ಚುವುದಿಲ್ಲ, ಸವೆದ ಪಂಪಿನೊಳಗೆ ನುಸುಳುವ ಎಣ್ಣೆ ಮಾತ್ರ ಹೆಚ್ಚಿ ಕಾವು ಏರುತ್ತದೆ. ಮೊದಲು ಹೇಳಿದ ನಾಲ್ಕಂಗುಲದ ಜಾಕಿನಲ್ಲಿ ಒತ್ತಡವನ್ನು 1000ದಿಂದ 1500ಕ್ಕೆ ಏರಿಸಿದವನು, ಐದೂವರೆ ಟನ್ನಿಗೆಂದು ಲೆಕ್ಕಹಾಕಿದ ಪಿನ್ನು ಬೆಸುಗೆಗಳ ಮೇಲೆ ಎಂಟೂವರೆ ಟನ್ನಿನ ಭಾರವನ್ನು ಹೇರಿದ್ದಾನೆ. ಇವನ ಕೈಯಲ್ಲಿ ಪ್ರೆಷರ್ ಗೇಜು ಇತ್ತೆ? ಪುಸ್ತಕದಲ್ಲಿ ಬರೆದ ಒತ್ತಡ ಎಷ್ಟೆಂದು ಇವನು ನೋಡಿದ್ದನೆ? ಬ್ಲೇಡನ್ನು ಎತ್ತಿ, ಲಿವರನ್ನು ನಡುವೆ ನಿಲ್ಲಿಸಿ, ಅದು ಎಷ್ಟು ಹೊತ್ತಿನಲ್ಲಿ ಎಷ್ಟಂಗುಲ ಕುಸಿಯುತ್ತದೆಂದು ದೂರ ನಿಂತು ಅಳೆದು, ದೋಷ ಪಂಪಿನದೋ ವಾಲ್ವಿನದೋ ಜಾಕಿನದೋ ಎಂದು ಬೇರ್ಪಡಿಸುವ ತಾಳ್ಮೆ ಇವನಿಗಿತ್ತೆ?

ಇದುವರೆಗೆ ಕಬ್ಬಿಣದ ಮಾತಾಯಿತು. ಇನ್ನು ರಕ್ತಮಾಂಸಗಳ ಮಾತು. ಈ ಲೇಖನದ ಕೋಪವೆಲ್ಲ ಇಲ್ಲಿ ನಿಂತಿದೆ. ಹೋಸು ಎಲ್ಲಿ ಸೋರುತ್ತಿದೆ ನೋಡೋ ಎಂದು ಹದಿನೆಂಟು ತುಂಬದ ಹೆಲ್ಪರನನ್ನು ಯಂತ್ರ ಚಾಲೂ ಇರುವಾಗಲೇ ಕಳುಹಿಸುತ್ತಾರೆ. ಹುಡುಗನು ಬರಿಗೈಯಿಂದ ಹೋಸನ್ನು ಸವರುತ್ತ ಹೋಗುತ್ತಾನೆ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ; ಆದರೆ ಅದು ಚರ್ಮವನ್ನು ಭೇದಿಸಿ ಬೆರಳಿನ ಸ್ನಾಯುಗಳ ನಡುವೆ ಸೇರಿಬಿಡುತ್ತದೆ. ಹಳೆಯ ಡೋಜರುಗಳ ಒತ್ತಡ ಚದರಂಗುಲಕ್ಕೆ ಸಾವಿರ, ಎರಡು ಸಾವಿರ ಪೌಂಡು. ಚರ್ಮ ಭೇದಿಸಲು ಅದರ ಹತ್ತರಲ್ಲೊಂದು ಪಾಲೇ ಸಾಕೆಂದು ಬಲ್ಲವರು ಎಚ್ಚರಿಸುತ್ತಾರೆ. ಹೊರಗೆ ಕಾಣುವುದು ಇರುವೆ ಕಚ್ಚಿದಂಥ ಒಂದು ಚುಕ್ಕೆ. ನೋವು ಮೊದಲಿಗೆ ಅಲ್ಪ. ಹುಡುಗನು ಕೈ ತೊಳೆದುಕೊಂಡು ಕೆಲಸಕ್ಕೆ ಮರಳುತ್ತಾನೆ. ರಾತ್ರಿಯ ಹೊತ್ತಿಗೆ ಬೆರಳು ಊದಿ, ಕಪ್ಪಾಗಿ, ಒಳಗಿನ ಮಾಂಸ ಸಾಯತೊಡಗಿರುತ್ತದೆ. ಕೆಲವೇ ಗಂಟೆಗಳೊಳಗೆ ಶಸ್ತ್ರಚಿಕಿತ್ಸಕನು ಕೊಯ್ದು ಎಣ್ಣೆಯನ್ನು ತೆಗೆಯದಿದ್ದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾಗುತ್ತದೆ. ಇದು ಹೊಸ ಸಂಗತಿಯೇನೂ ಅಲ್ಲ. ಡೀಸೆಲ್ ಎಂಜಿನ್ನಿನಿಂದ ಅಧಿಕ ಒತ್ತಡದಲ್ಲಿ ಚಿಮ್ಮಿದ ಇಂಧನ ಅಂಗಾಂಶವನ್ನು ಹೊಕ್ಕ ಪ್ರಸಂಗವು ಅಮೆರಿಕದ ವೈದ್ಯಪತ್ರಿಕೆಯಲ್ಲಿ 1937ರಲ್ಲಿಯೇ ವರದಿಯಾಗಿದೆ. ಅಂದಿನಿಂದ ಇಂದಿನವರೆಗೆ ಎಷ್ಟು ಗ್ಯಾರೇಜುಗಳ ಗೋಡೆಯ ಮೇಲೆ ಈ ಎಚ್ಚರಿಕೆ ಕನ್ನಡದಲ್ಲಿ ಬರೆಯಲ್ಪಟ್ಟಿದೆ? ಒಂದು ರಟ್ಟಿನ ತುಂಡನ್ನು ಹೋಸಿನ ಬಳಿ ಹಿಡಿದು ನೋಡಿದರೆ ಸಾಕಿತ್ತು. ರಟ್ಟಿನ ತುಂಡಿಗಿಂತ ಬಡವರ ಮಗನ ಬೆರಳು ಅಗ್ಗವಾಯಿತೆ?

ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದ ಹೋಸಿನ ಆಧಾರದಲ್ಲಿ ಎತ್ತಿ ನಿಲ್ಲಿಸಿದ ಬ್ಲೇಡಿನ ಕೆಳಗೆ ನುಗ್ಗಿ ರಿಪೇರಿ ಮಾಡುವವರನ್ನು ಕಂಡವರು ಕಡಿಮೆಯಿಲ್ಲ. ಆ ಹೋಸು ಒಡೆದ ಕ್ಷಣದಲ್ಲಿ ಬ್ಲೇಡು ಕೆಳಗಿದ್ದವನ ಮೇಲೆ ಬಿದ್ದಿರುತ್ತದೆ. ಬ್ಲೇಡನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರುಗಳನ್ನು ಹಿಂದೆ ಮುಂದೆ ಆಡಿಸಿ ಕೊಳವೆಗಳಲ್ಲಿ ಉಳಿದ ಒತ್ತಡವನ್ನು ಬಿಡಿಸಿದ ಹೊರತು ಯಾವ ನಟ್ಟನ್ನೂ ಸಡಿಲಿಸಬಾರದು. ಬ್ಲೇಡು ಮೇಲೆಯೇ ಇರಬೇಕಾದ ಕೆಲಸವಾದರೆ ದಪ್ಪ ಮರದ ದಿಮ್ಮಿಗಳನ್ನು ಆನಿಕೆ ಕೊಡದೆ ಒಬ್ಬನೂ ಕೆಳಗೆ ಹೋಗಬಾರದು. ಇದನ್ನು ಹೇಡಿತನವೆಂದು ಹಂಗಿಸುವ ಮೇಸ್ತ್ರಿಗಳಿದ್ದಾರೆ. ಅವರ ಧೈರ್ಯಕ್ಕೆ ಬೆಲೆ ತೆರುವವರು ಅವರ ಶಿಷ್ಯರು.

ಖರ್ಚಿನ ಮಾತನ್ನು ಎತ್ತುವವರಿಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತಿಂಗಳಿಗೆ ಮೂವತ್ತಾರು ಲೀಟರು ಎಣ್ಣೆಯನ್ನು ನೆಲಕ್ಕೆ ಹೊಯ್ಯಲು ಹಣವಿರುವವನಿಗೆ ಒಂದು ಸೀಲ್ ಕಿಟ್ಟಿಗೆ ಹಣವಿಲ್ಲವೆಂಬುದನ್ನು ಯಾರು ನಂಬಬೇಕು? ಹಳೆಯ ಯಂತ್ರಗಳ ಪಂಪಿನ ಕವಚವೂ ವಾಲ್ವಿನ ದೇಹವೂ ಇಂದು ಯಾವ ಅಂಗಡಿಯಲ್ಲಿಯೂ ಸುಲಭವಾಗಿ ದೊರೆಯವು. ಗೀರು ಬಿದ್ದ ಸ್ಪೂಲನ್ನು ಹೊಸ ಓ-ರಿಂಗು ಬದುಕಿಸಲಾರದು. ಸೀಲು, ಫಿಲ್ಟರು, ಎಣ್ಣೆ, ಹೋಸು ಇವು ಇಂದಿಗೂ ಸಿಗುವ ವಸ್ತುಗಳು. ಸಿಗುವುದನ್ನು ಉಳಿಸಲು ಹೋಗಿ ಸಿಗದುದನ್ನು ಕಳೆದುಕೊಳ್ಳುವ ಈ ಲೆಕ್ಕವನ್ನು ಮಿತವ್ಯಯವೆಂದು ಕರೆಯಲಾಗದು. ಹಳೆಯ ಯಂತ್ರಗಳನ್ನು ಪ್ರೀತಿಯಿಂದ ಸಂಗ್ರಹಿಸಿ, ತುಕ್ಕು ಕೆರೆದು, ಹಳದಿ ಬಣ್ಣ ಬಳಿದು ಪ್ರದರ್ಶನಕ್ಕಿಡುವ ಹವ್ಯಾಸಿಗಳಿಗೂ ಇದೇ ಪ್ರಶ್ನೆ: ಬಣ್ಣದ ಡಬ್ಬಿಗೆ ಕೊಟ್ಟ ಗಮನದಲ್ಲಿ ಹತ್ತರಲ್ಲೊಂದು ಪಾಲನ್ನು ಟ್ಯಾಂಕಿನ ತಳದ ಕೆಸರಿಗೆ ಕೊಟ್ಟಿದ್ದೀರಾ?

ಆದಕಾರಣ ಹಳೆಯ ಡೋಜರನ್ನು ಹೊಂದಿರುವ ಪ್ರತಿಯೊಬ್ಬ ಮಾಲೀಕನೂ ಮುಂದಿನ ಹಂಗಾಮು ಆರಂಭವಾಗುವ ಮೊದಲು ತನ್ನ ಯಂತ್ರದ ಹೈಡ್ರಾಲಿಕ್ ಟ್ಯಾಂಕನ್ನು ಪೂರ್ತಿ ಬರಿದುಮಾಡಿ, ತಳದಲ್ಲಿ ಏನಿದೆಯೆಂದು ತನ್ನ ಕಣ್ಣಿನಿಂದ ನೋಡಲಿ. ಹಾಲಿನಂತೆ ಬೆಳ್ಳಗಾದ ಎಣ್ಣೆಯಲ್ಲಿ ನೀರಿದೆ; ಮಿನುಗುವ ಪುಡಿಯಲ್ಲಿ ಅವನ ಪಂಪಿದೆ. ಫಿಲ್ಟರನ್ನು ಬದಲಿಸಿ, ಬ್ರೀದರನ್ನು ಮರಳಿ ತರಿಸಿ, ತಯಾರಕನು ಹೇಳಿದ ದರ್ಜೆಯ ಹೊಸ ಎಣ್ಣೆಯನ್ನು ಸೋಸಿ ತುಂಬಲಿ. ಹೊಸ ಎಣ್ಣೆಯೂ ಪೀಪಾಯಿಯಿಂದ ನಿರ್ಮಲವಾಗಿಯೇ ಬರುತ್ತದೆಂಬ ಭರವಸೆ ಯಾರಿಗೂ ಬೇಡ. ಇಳಿಸಿದ ಎಣ್ಣೆಯನ್ನು ಹಳ್ಳಕ್ಕೆ ಚೆಲ್ಲದೆ ಪರವಾನಗಿ ಪಡೆದ ಸಂಗ್ರಾಹಕನಿಗೆ ಒಪ್ಪಿಸಲಿ. ಯಂತ್ರದ ಪುಸ್ತಕವಿಲ್ಲದವನು ಅದನ್ನು ಹುಡುಕಿ ತರಿಸಿ, ಒತ್ತಡದ ಅಂಕಿಯನ್ನೂ ಎಣ್ಣೆಯ ದರ್ಜೆಯನ್ನೂ ಕನ್ನಡದಲ್ಲಿ ಬರೆಸಿ ಆಪರೇಟರಿನ ಕಣ್ಣೆದುರಿಗೆ ಅಂಟಿಸಲಿ. ನಮ್ಮ ಕೈಗಾರಿಕಾ ತರಬೇತಿ ಸಂಸ್ಥೆಗಳು ಡೀಸೆಲ್ ಮೆಕ್ಯಾನಿಕ್ ವಿದ್ಯಾರ್ಥಿಯ ಕೈಗೆ ಸ್ಪ್ಯಾನರಿನ ಜೊತೆಯಲ್ಲಿಯೇ ಪ್ರೆಷರ್ ಗೇಜನ್ನೂ ಕೊಡಲಿ. ಗೇಜನ್ನು ಓದಲು ಬಾರದವನನ್ನು ರಿಲೀಫ್ ವಾಲ್ವಿನ ಹತ್ತಿರಕ್ಕೂ ಬಿಡದಿರಲಿ. ನೆಲ ಸಮಮಾಡಿಸಲು ಬಾಡಿಗೆಗೆ ಯಂತ್ರ ತರಿಸುವ ರೈತನು, ಎಣ್ಣೆ ತೊಟ್ಟಿಕ್ಕುವ ಡೋಜರು ತನ್ನ ಬದುವಿನ ಬಳಿ ಬಂದಾಗ ಅದನ್ನು ಅಲ್ಲಿಂದ ಅಲ್ಲಿಗೇ ಹಿಂದಕ್ಕೆ ಕಳುಹಿಸಲಿ. ಬಾಡಿಗೆ ತಪ್ಪಿದ ದಿನ ಮಾಲೀಕನು ಸೀಲು ಕೊಳ್ಳುತ್ತಾನೆ. ಯಂತ್ರ ನಡೆಯುತ್ತಿರುವಾಗ ಹೋಸನ್ನು ಸವರಿ ನೋಡೆಂದು ಹುಡುಗನಿಗೆ ಹೇಳುವ ಮೇಸ್ತ್ರಿಯು ಯಾವ ಗ್ಯಾರೇಜಿನಲ್ಲಿದ್ದರೂ, ಅವನಿಗೆ ಎಷ್ಟೇ ವರ್ಷಗಳ ಅನುಭವವಿದ್ದರೂ, ಆ ಹೊತ್ತಿಗೇ ಅವನನ್ನು ಆ ಕೆಲಸದಿಂದ ಇಳಿಸತಕ್ಕದ್ದು.